ಆಮೆ ಮರಿ ಬಿಡೋದು ಕಾರ್ಯಕ್ರಮ ಅಲ್ಲ

ಕಡಲಾಮೆ ಸೀಸನ್ ಶುರುವಾಯ್ತು. ಇನ್ನು ಫೆಬ್ರವರಿ, ಮಾರ್ಚ್ ಬಂದರೆ ಫೋಟೋಗಳ ಸಾಲು. ಟಬ್ಬಿನ ತುಂಬ ಮರಿಗಳು, ಹಿಂದೆ ಬ್ಯಾನರ್, ಗಣ್ಯರು ಒಂದೊಂದೇ ಮರಿಯನ್ನು ಅಂಗೈಲಿಟ್ಟು ಅಲೆಗೆ ಬಿಡೋದು. ಲೈಕ್ ಒತ್ತೋ ಮೊದಲು ಇದನ್ನು ಓದಿ.

ಕಾರವಾರದ ದೇವಬಾಗ, ಹೊನ್ನಾವರದ ಕಾಸರಕೋಡು, ಕುಂದಾಪುರದ ಕೋಡಿ, ಮಂಗಳೂರು ಕಡೆಯ ಸಸಿಹಿತ್ಲು, ನಮ್ಮ ಈ ದಡಗಳಿಗೆ ಮೊಟ್ಟೆ ಇಡಲು ಬರೋದು ಆಲಿವ್ ರಿಡ್ಲೆ ಅನ್ನೋ ಜಾತಿಯ ಕಡಲಾಮೆ. ಒಡಿಶಾದ ಗಹಿರ್‌ಮಾಥಾ, ಋಷಿಕುಲ್ಯದಲ್ಲಿ ಲಕ್ಷಗಟ್ಟಲೆ ಒಟ್ಟಿಗೇ ಬರುತ್ತವೆ. ಇಲ್ಲಿ ಬರೋದು ಒಂಟಿಯಾಗಿ, ಅದೂ ರಾತ್ರಿ. ಹಾಗಾಗಿ ಮೊಟ್ಟೆ ಹೂತ ಗೂಡು ಕಣ್ಣಿಗೆ ಬೀಳೋದು ಬೆಳಗಿನ ಜಾವ ದಡದಲ್ಲಿ ಓಡಾಡೋ ಮೀನುಗಾರರಿಗೆ, ಊರಿನ ಹುಡುಗರಿಗೆ. ಈ ಕೆಲಸದಲ್ಲಿ ನಿಜವಾದ ತಜ್ಞರು ಅವರೇ, ವೇದಿಕೆ ಮೇಲೆ ಕೂತವರಲ್ಲ.

ಗುರುತು ಹಿಡಿಯೋದು ಕಷ್ಟವಿಲ್ಲ. ಆಮೆ ತೆವಳಿದ ಸುಮಾರು ಮುಕ್ಕಾಲು ಮೀಟರ್ ಅಗಲದ ಪಟ್ಟೆ, ಎಡ ಬಲ ರೆಕ್ಕೆಗಾಲಿನ ಗುರುತು ಒಂದರ ಹಿಂದೊಂದು, ಸಣ್ಣ ಟ್ರ್ಯಾಕ್ಟರ್ ಹೋದ ಹಾಗೆ. ಬಂದ ಪಟ್ಟೆ, ಹೋದ ಪಟ್ಟೆ ಸೇರುವಲ್ಲಿ ಹೊಯ್ಗೆ (ಮರಳು) ಕೆದರಿ ತಟ್ಟಿದಂತಿದ್ದರೆ ಬಹುಮಟ್ಟಿಗೆ ಗೂಡು ಅಲ್ಲೇ ಇದೆ. ಬರೀ ಪಟ್ಟೆ ಇದ್ದರೆ ನಾಯಿಗೋ ಬೆಳಕಿಗೋ ಹೆದರಿ ಹಾಗೇ ವಾಪಸ್ ಹೋಗಿದೆ. ಎಡವಟ್ಟಾಗೋದು ಮುಂದಿನ ಹೆಜ್ಜೆಯಲ್ಲಿ. ಖಚಿತ ಮಾಡ್ಕೊಳ್ಳೋಣ ಅಂತ ಕೋಲು ಚುಚ್ಚುತ್ತಾರೆ. ಪಳಗಿದ ಕೈಗೆ ಹೊಯ್ಗೆ ಸಡಿಲವಾದದ್ದು ತಕ್ಷಣ ಗೊತ್ತಾಗಿ ಅಲ್ಲೇ ನಿಲ್ಲುತ್ತದೆ. ಹೊಸಬರು ಇನ್ನೊಂದು ಚೂರು ಒತ್ತಿದರೆ ಮೊಟ್ಟೆ ಒಡೆಯುತ್ತದೆ. ಒಡೆದದ್ದು ಕೊಳೆತು ಪಕ್ಕದ ಮೊಟ್ಟೆಗೂ ಬೂಷ್ಟು ಹತ್ತುತ್ತದೆ, ವಾಸನೆಗೆ ಏಡಿ, ನಾಯಿ ಬರುತ್ತವೆ.

ನನ್ನ ಮಾತು ಇಷ್ಟೇ: ಗೂಡು ಉಬ್ಬರದ ಗೆರೆಗಿಂತ ಮೇಲಿದ್ದರೆ ಮುಟ್ಟಬೇಡಿ. 5x10 ಸೆಂಟಿಮೀಟರ್ ಕಣ್ಣಿನ ತಂತಿ ಜಾಲರಿ, ಒಂದು ಮೀಟರ್ ಚೌಕದ್ದು, ಗೂಡಿನ ಮೇಲೆ ಮಟ್ಟಸವಾಗಿ ಹಾಸಿ, ಅಂಚಿಗೆ ಗೂಟ ಹೊಡೆದು, ಮೇಲೊಂದು ಪದರ ಹೊಯ್ಗೆ ಎಳೆದರೆ ಸಾಕು. ನಾಯಿ, ನರಿ ಅಗೆಯೋಕೆ ಆಗಲ್ಲ, ಮರಿ ಆ ಕಣ್ಣಲ್ಲಿ ತೂರಿ ಬರುತ್ತದೆ. ಜಾಲರಿ ಹಾಕೋ ಮೊದಲೇ ಅರಣ್ಯ ಇಲಾಖೆಗೆ ತಿಳಿಸಿ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಇದು, ಅನುಮತಿ ಇಲ್ಲದೆ ಮೊಟ್ಟೆ ಎತ್ತಿದರೆ ಒಳ್ಳೆ ಉದ್ದೇಶವೂ ಅಪರಾಧವೇ.

ಉಬ್ಬರ ತಾಗುವ ಜಾಗವಾದರೆ, ಕಡಲ್ಕೊರೆತದಲ್ಲಿ ದಡವೇ ಉಳಿಯೋದಿಲ್ಲ ಅಂತಾದರೆ ಮಾತ್ರ ಹ್ಯಾಚರಿ, ಅಂದರೆ ಮೊಟ್ಟೆಗಳನ್ನು ಬೇರೆ ಕಡೆ ಒಯ್ದು ಹೂತು ಕಾಯುವ ಜಾಗ. ಆಗ ಗಡಿಯಾರ ನೋಡಿ ಕೆಲಸ. ಮೊಟ್ಟೆ ಇಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣ ಚಿಪ್ಪಿನ ಒಳಮೈಗೆ ಮೇಲ್ಭಾಗದಲ್ಲಿ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಉರುಳಿದರೆ ಒಳಗಿನದು ಸಾಯುತ್ತದೆ, ಹೊರಗಿಂದ ಏನೂ ಗೊತ್ತಾಗಲ್ಲ. ಆರು ಗಂಟೆಯೊಳಗೆ ಸಾಗಿಸಿ ಮುಗಿಸಬೇಕು. ಬಕೆಟ್ ತಳಕ್ಕೆ ಅದೇ ಗೂಡಿನ ಹಸಿ ಹೊಯ್ಗೆ ಹಾಕಿ. ಮೇಲ್ಮುಖ ಮೇಲಕ್ಕೇ ಇರೋ ಹಾಗೆ ಒಂದೊಂದೇ ಎತ್ತಿಡಿ. ಕೈಗೆ ಸನ್‌ಸ್ಕ್ರೀನ್, ಸೊಳ್ಳೆ ಎಣ್ಣೆ ಬೇಡ. ಬೈಕಿನಲ್ಲಿ ಕುಲುಕಿಸಿಕೊಂಡು ಒಯ್ಯೋದಂತೂ ಬೇಡವೇ ಬೇಡ. ಹೊಸ ಗುಂಡಿ ಸುಮಾರು 45 ಸೆಂಟಿಮೀಟರ್ ಆಳ, ಕುತ್ತಿಗೆ ಕಿರಿದು, ಹೊಟ್ಟೆ ಅಗಲ. ನೂರರಿಂದ ನೂರಿಪ್ಪತ್ತು ಮೊಟ್ಟೆ ಅದರಲ್ಲಿ ಹಿಡಿಸಬೇಕು. ಗೂಡಿಂದ ಗೂಡಿಗೆ ಒಂದು ಮೀಟರ್ ಅಂತರ. ಹಿಂದಿನ ವರ್ಷದ ಜಾಗ ಬೇಡ, ಆ ಹೊಯ್ಗೆಯಲ್ಲಿ ಕೊಳೆತದ್ದರ ಬೂಷ್ಟು ಉಳಿದಿರುತ್ತದೆ.

ನೆರಳು ಇರಲಿ ಅಂತ ಗಾಳಿಮರದ ಬುಡದಲ್ಲಿ ಹ್ಯಾಚರಿ ಮಾಡೋರೂ ಇದ್ದಾರೆ. ಬೇರು ಮೊಟ್ಟೆಗೆ ನುಗ್ಗೋದು ಒಂದು ತೊಂದರೆ. ಇನ್ನೊಂದು, ಮರಿ ಗಂಡೋ ಹೆಣ್ಣೋ ನಿರ್ಧಾರವಾಗೋದು ಹೊಯ್ಗೆಯ ಬಿಸಿಯಿಂದ. 29-30 ಡಿಗ್ರಿ ಆಸುಪಾಸಲ್ಲಿ ಎರಡೂ ಇರುತ್ತವೆ, ತಂಪಾದರೆ ಗಂಡು ಜಾಸ್ತಿ, ಬಿಸಿಯಾದರೆ ಹೆಣ್ಣು. ನೆರಳು ಕಟ್ಟೋದು ಬಿಡೋದು ಥರ್ಮಾಮೀಟರ್ ನೋಡಿ ಮಾಡಬೇಕಾದ ಕೆಲಸ.

ಇನ್ನು ಆ ಟಬ್ಬಿನ ವಿಚಾರ. 45ರಿಂದ 60 ದಿನಕ್ಕೆ ಮರಿ ಮೇಲೆ ಬರುತ್ತದೆ, ಬಹುತೇಕ ಹೊಯ್ಗೆ ತಣಿದ ರಾತ್ರಿಯಲ್ಲೇ. ಹೊಟ್ಟೆಯಲ್ಲಿ ಉಳಿದ ಹಳದಿಯೇ ಅದರ ಬುತ್ತಿ. ಆ ಶಕ್ತಿಯಲ್ಲೇ ಎಡೆಬಿಡದೆ ಈಜಿ ದಡದ ಹತ್ತಿರದ ಮೀನು, ಹಕ್ಕಿಗಳಿಂದ ಪಾರಾಗಬೇಕು. ಅತಿಥಿ ಒಂಬತ್ತು ಗಂಟೆಗೆ ಬರ್ತಾರೆ ಅಂತ ಟಬ್ಬಿನಲ್ಲಿ ಕಾಯಿಸಿದರೆ ಅಲ್ಲೇ ಸುತ್ತಿ ಸುತ್ತಿ ಬುತ್ತಿ ಖಾಲಿ. ಆಮೇಲೆ ಬಿಸಿಲಲ್ಲಿ, ಕಾಗೆ ಹದ್ದುಗಳ ಎದುರು, ನೇರ ನೀರಿಗೆ. ಫೋಟೋ ಚೆಂದ, ಮರಿಯ ಗತಿ ಕೇಳೋರಿಲ್ಲ. ಬಂದ ರಾತ್ರಿಯೇ, ನೀರಿಂದ ಒಂದಷ್ಟು ದೂರದಲ್ಲಿ ಬಿಟ್ಟು, ಅವೇ ತೆವಳಿ ಹೋಗಲಿ. ಟಾರ್ಚು, ಫ್ಲ್ಯಾಷ್ ಬೇಡ, ಮರಿ ಬೆಳಕಿನ ಕಡೆಗೇ ತಿರುಗುತ್ತದೆ. ರೆಸಾರ್ಟಿನ ಫ್ಲಡ್‌ಲೈಟ್ ದಾರಿ ತಪ್ಪಿಸೋದೂ ಹೀಗೇ.

"ಜನ ನೋಡದೆ ಕಾಳಜಿ ಹೇಗೆ ಬರುತ್ತೆ?" ಅಂತ ಕೇಳ್ತಾರೆ. ಪ್ರಶ್ನೆ ಸರಿಯಾಗಿದೆ. ಮಹಾರಾಷ್ಟ್ರದ ವೇಳಾಸ್‌ನಲ್ಲಿ ಆಮೆ ನೋಡೋಕೆ ಬಂದವರು ಊರಿನ ಮನೆಗಳಲ್ಲೇ ಉಳಿಯುತ್ತಾರೆ, ದುಡ್ಡು ಊರಿಗೇ ಬರುತ್ತದೆ. ಜನ ಬರಲಿ, ಹಗ್ಗದ ಆಚೆ ನಿಲ್ಲಲಿ. ಶಾಲೆ ಮಕ್ಕಳಿಗೆ ತೋರಿಸೋಕೆ ಇನ್ನೊಂದು ದಾರಿಯೂ ಇದೆ. ಮರಿಗಳೆಲ್ಲ ಹೋಗಿ ಎರಡು ದಿನ ಕಳೆದ ಮೇಲೆ, ಇಲಾಖೆಯವರ ಜೊತೆ, ಹಗಲಲ್ಲೇ ಗೂಡು ಅಗೆದು ಲೆಕ್ಕ ಮಾಡೋದು. ಅರ್ಧಕ್ಕಿಂತ ದೊಡ್ಡ ಚಿಪ್ಪಿನ ಚೂರು ಒಂದು ಮೊಟ್ಟೆ ಅಂತ ಲೆಕ್ಕ, ಸಣ್ಣ ಚೂರು ಬಿಡಬೇಕು. ಒಡೆಯದ ಮೊಟ್ಟೆ ಬೇರೆ, ಒಳಗೇ ಸತ್ತ ಮರಿ ಬೇರೆ. ಯಾವ ಗೂಡು ಯಾಕೆ ಕೆಟ್ಟಿತು ಅನ್ನೋದು ಈ ಲೆಕ್ಕದಿಂದಲೇ ಗೊತ್ತಾಗೋದು, ಮುಂದಿನ ವರ್ಷ ಹ್ಯಾಚರಿ ಎಲ್ಲಿ ಕಟ್ಟಬೇಕು, ಕಟ್ಟಬೇಕಾ ಬೇಡವಾ ಅನ್ನೋದೂ.