ಘಟ್ಟ ಇಳಿಯದ ವಿಮಾನ

ಜುಲೈ ತಿಂಗಳಲ್ಲಿ ಮುಂಬಯಿಯಿಂದ ಮಂಗಳೂರಿಗೆ ವಿಮಾನದ ಟಿಕೆಟ್ ತೆಗೆದರೆ ಅದರ ಮಡಿಕೆಯಲ್ಲಿ ಒಂದು ಬಸ್ ಟಿಕೆಟ್ಟೂ ಇರುತ್ತದೆ. ಅದು ಕಣ್ಣಿಗೆ ಬೀಳುವುದು ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯ ಮೇಲೆ ಮೂರನೇ ಸುತ್ತು ಹೊಡೆಯುವಾಗ. ಕಿಟಕಿಯಾಚೆ ನೀರುದೋಸೆ ಹಿಟ್ಟಿನಂಥ ಬಿಳಿ ಬಿಟ್ಟರೆ ಏನೂ ಇಲ್ಲ. ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡು "ಮಂಗಳೂರಿನಲ್ಲಿ ಹವಾಮಾನ..." ಎನ್ನುವಷ್ಟರಲ್ಲಿ ಹಿಂದಿನ ಸೀಟಿನ ಅಜ್ಜಿ ಉಳಿದದ್ದನ್ನು ಮುಗಿಸಿಬಿಡುತ್ತಾರೆ: "ಬೆಂಗಳೂರಾ? ಹೋದ ಮಳೆಗಾಲದಲ್ಲೂ ಹಾಗೇ."

ಇದರಲ್ಲಿ ಕ್ಯಾಪ್ಟನ್ನನ ಧೈರ್ಯದ ಪ್ರಶ್ನೆ ಇಲ್ಲ. ಬಜ್ಪೆ ನಿಲ್ದಾಣ ಇರುವುದು ಗುಡ್ಡದ ತಲೆ ಸಮತಟ್ಟು ಮಾಡಿದ ಜಾಗದಲ್ಲಿ. ಊರಿನವರಿಗೆ ಮೋಡ ತಲೆಯ ಮೇಲಿದ್ದರೆ ರನ್‌ವೇಗೆ ಅದು ಕಾಲಬುಡದಲ್ಲೇ ಬಂದು ಕೂತಿರುತ್ತದೆ. ರನ್‌ವೇ 2,450 ಮೀಟರ್, ಎರಡೂ ತುದಿಯಾಚೆ ಇಳಿಜಾರು. ಕಾಣಬೇಕಾದಷ್ಟು ದೂರ ಕಾಣದಿದ್ದರೆ ಇಳಿಯುವ ಹಾಗಿಲ್ಲ. ಸುತ್ತುತ್ತಲೇ ಇರೋಣವೆಂದರೆ, ಬದಲಿ ನಿಲ್ದಾಣಕ್ಕೆ ಹೋಗುವಷ್ಟು ಇಂಧನ, ಅದರ ಮೇಲೆ ಇನ್ನೂ ಅರ್ಧ ಗಂಟೆ ಹಾರುವಷ್ಟು ಇಂಧನ ಉಳಿದಿರಲೇಬೇಕು. ಆ ಗೆರೆ ಮುಟ್ಟಿದ ತಕ್ಷಣ ಮೂತಿ ತಿರುಗಿಸಬೇಕು. ಹಾಗೆ ತಿರುಗಿಸಿದ ವಿಮಾನ ಸಂಜೆ ಏಳಕ್ಕೆ ದೇವನಹಳ್ಳಿಯ ಪಕ್ಕ ಇಳಿದು ಮೂಲೆಯಲ್ಲೊಂದು ಕಡೆ ನಿಲ್ಲುತ್ತದೆ. ಇಳಿಯುವುದು ಘಟ್ಟದ ಕೆಳಗೆ ಎಂದು ಹೊರಟವರು ಈಗ ಘಟ್ಟದ ಮೇಲೆ.

ಮುಂದಿನ ಅರ್ಧ ಗಂಟೆ ಬಾಗಿಲು ತೆರೆಯುವುದಿಲ್ಲ. "ಹವಾಮಾನ ಸರಿಯಾದರೆ ಮತ್ತೆ ಹೊರಡುತ್ತೇವೆ" ಎನ್ನುತ್ತಾರೆ. ನಂಬಬೇಕೋ ಬೇಡವೋ ಎಂದು ತಿಳಿಯಲು ಎರಡು ಗುರುತುಗಳಿವೆ. ಒಂದು, ರೆಕ್ಕೆಯ ಕೆಳಗೆ ಇಂಧನದ ಗಾಡಿ ಬಂತೇ? ಬಂದರೆ ಆಸೆ ಇದೆ. ಎರಡು, ಗಗನಸಖಿಯರು ತಮ್ಮ ಸ್ವಂತ ಟ್ರಾಲಿ ಬ್ಯಾಗನ್ನು ಮೇಲಿನಿಂದ ಇಳಿಸಿಕೊಂಡರೇ? ಇಳಿಸಿಕೊಂಡರೆ ಮುಗಿಯಿತು. ಪೈಲಟ್ ಮತ್ತು ಸಿಬ್ಬಂದಿಗೆ ದಿನಕ್ಕೆ ಇಷ್ಟೇ ಗಂಟೆ ಕೆಲಸ ಎಂಬ ಕಟ್ಟುನಿಟ್ಟು ಇದೆ. ಬಜ್ಪೆಯ ಮೇಲೆ ಸುತ್ತಿದ್ದೂ ಅದರ ಲೆಕ್ಕಕ್ಕೇ ಸೇರುತ್ತದೆ. ಮಳೆ ನಿಂತರೂ ಅವರ ಗಡಿಯಾರ ನಿಲ್ಲುವುದಿಲ್ಲ. ಇನ್ನೊಂದು ಉಪಾಯ ಫೋನಿನಲ್ಲೇ ಇದೆ. ವಿಮಾನ ಎಲ್ಲಿದೆ ಎಂದು ತೋರಿಸುವ ಯಾವುದಾದರೂ ಆ್ಯಪ್ ತೆರೆದು, ಕಳೆದ ಒಂದು ಗಂಟೆಯಲ್ಲಿ ಬಜ್ಪೆಯಲ್ಲಿ ಬೇರೆ ವಿಮಾನ ಇಳಿದಿದೆಯೇ ನೋಡಿ. ಒಂದೂ ಇಳಿದಿಲ್ಲವೆಂದರೆ ನಿಮ್ಮದಕ್ಕೆ ಮಾತ್ರ ಮೋಡ ಸರಿದು ದಾರಿ ಬಿಡುವುದಿಲ್ಲ.

ಈ ಹೊತ್ತಿಗೆ ಫೋನು ಶುರುವಾಗಿರುತ್ತದೆ. ಮೊದಲನೆಯದು ಕುಂದಾಪುರದಿಂದ ಅಮ್ಮನದು: "ಎಲ್ಲ್ ಇದ್ಯಾ ಮಾಣಿ? ಊಟ ಆಯ್ತಾ?" ವಿಮಾನ ಬೆಂಗಳೂರಿನಲ್ಲಿದೆ ಎಂದರೆ ಅರೆಕ್ಷಣ ಮೌನ. ನಂತರ, "ಊಟ ಆಯ್ತಾ?" ಎರಡನೆಯದು ಉಡುಪಿಯ ಭಾವನದು. ಪ್ರತಿ ಮನೆಗೊಬ್ಬ ಇಂಥ ಭಾವ ಇರುತ್ತಾನೆ. ಅವನಿಗೆ ಎಲ್ಲ ಬಸ್ಸಿನ ಹೊತ್ತೂ ಗೊತ್ತು, ಆದರೆ ಎಂಟು ವರ್ಷ ಹಿಂದಿನದು. ಅವನು ಹೇಳುವ ಬಸ್ಸು ಈಗ ಇಲ್ಲ. ಆದರೂ "ಹ್ಞೂಂ ಭಾವ, ಅದರಲ್ಲೇ ಬರ್ತೇನೆ" ಎಂದುಬಿಡಿ. ವಾದ ಮಾಡಿದರೆ ಬ್ಯಾಟರಿ ಹೋಗುತ್ತದೆ. ಇವತ್ತು ರಾತ್ರಿ ಬ್ಯಾಟರಿಯೇ ಟಿಕೆಟ್ಟು, ಬ್ಯಾಟರಿಯೇ ನಕ್ಷೆ.

ಕೌಂಟರಿನಲ್ಲಿ ಕೇಳಬೇಕಾದದ್ದನ್ನು ಮೊದಲೇ ಜೋಡಿಸಿಕೊಳ್ಳಿ, ಏಕೆಂದರೆ ಹಿಂದೆ ನೂರೈವತ್ತು ಜನ ಇದ್ದಾರೆ, ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ. ಎರಡೂವರೆ ಗಂಟೆಯೊಳಗಿನ ದೇಶೀಯ ಹಾರಾಟ ಎರಡು ಗಂಟೆ ತಡವಾದರೆ ತಿಂಡಿ–ಊಟ ಕೊಡಬೇಕೆಂಬ ನಿಯಮ ವಿಮಾನಯಾನ ನಿಯಂತ್ರಕ ಡಿಜಿಸಿಎಯದು. ಆರು ಗಂಟೆ ಮೀರುವುದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ. ರಾತ್ರಿ ಎಂಟರಿಂದ ಮೂರರ ನಡುವೆ ಹೊರಡಬೇಕಾದದ್ದು ಆರು ಗಂಟೆಗಿಂತ ಹೆಚ್ಚು ತಡವಾದರೆ ಹೋಟೆಲ್ ರೂಮು. ಮಳೆ–ಮಂಜಿನ ಕಾರಣಕ್ಕೆ ಮಾತ್ರ ಪರಿಹಾರದ ಹಣ ಸಿಗದು, ಅದಕ್ಕಾಗಿ ಗಂಟಲು ಹರಿದುಕೊಳ್ಳಬೇಡಿ. ದಾರಿ ಬದಲಿಸಿದ ವಿಮಾನಕ್ಕೆ ಕೆಲವೊಮ್ಮೆ ಸಂಸ್ಥೆಯವರೇ ಮಂಗಳೂರಿಗೆ ಬಸ್ ಮಾಡುತ್ತಾರೆ. ಬಸ್ ಬರುತ್ತದೆ ಎಂದರೆ ನಂಬಿ. "ಬರ್ತಾ ಇದೆ" ಎಂದರೆ ನಂಬಬೇಡಿ, ಊಟದ ಕೂಪನ್ ಇಸಿದುಕೊಂಡು ಮುಂದಿನದನ್ನು ಯೋಚಿಸಿ.

ದೊಡ್ಡ ತಪ್ಪು ನಡೆಯುವುದು ಇಲ್ಲಿ. ಸಿಟ್ಟಿನಲ್ಲಿ ಆ್ಯಪ್ ತೆರೆದು ನೀವೇ 'ಕ್ಯಾನ್ಸಲ್' ಒತ್ತಿದರೆ ಅದು ನಿಮ್ಮ ಇಷ್ಟದ ರದ್ದತಿ, ಶುಲ್ಕ ಕಡಿದುಕೊಳ್ಳುತ್ತದೆ. ಬದಲಿಗೆ ಕೌಂಟರಿನವರಿಂದಲೇ ಬರೆಸಿ, ಮೆಸೇಜು ಬಂದದ್ದನ್ನು ನೋಡಿಯೇ ಹೊರಡಿ. ಹೋಗಿ ಬರುವ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿದ್ದರಂತೂ, ಹೇಳದೆ ಹೊರಟವರನ್ನು ಕಂಪ್ಯೂಟರು "ಈತ ಬರಲೇ ಇಲ್ಲ" ಎಂದು ಬರೆದುಕೊಂಡು ಮುಂದಿನ ವಾರದ ವಾಪಸ್ ಟಿಕೆಟ್ಟನ್ನೂ ಅಳಿಸಿಹಾಕಬಹುದು.

ಇನ್ನು ಹೊಟ್ಟೆಯೊಳಗಿನ ಬ್ಯಾಗು. ನಿಮ್ಮ ಹೊಟ್ಟೆಯಲ್ಲ, ವಿಮಾನದ್ದು. ನೀವು ಇಳಿದರೆ ಅದೂ ತಾನಾಗಿ ಇಳಿಯುತ್ತದೆ ಎಂದುಕೊಳ್ಳಬೇಡಿ. ಬೋರ್ಡಿಂಗ್ ಪಾಸಿಗೆ ಅಂಟಿಸಿದ ಆ ಸಣ್ಣ ಚೀಟಿ ತೋರಿಸಿ "ಬ್ಯಾಗ್ ಇಳಿಸಿ ಕೊಡಿ" ಎಂದು ಬಾಯಿಬಿಟ್ಟು ಕೇಳಬೇಕು. ಒಂದು ಬ್ಯಾಗನ್ನು ಹುಡುಕಿ ಇಳಿಸಲು ಮುಕ್ಕಾಲು ಗಂಟೆಯೂ ಆಗಬಹುದು. ಅಷ್ಟರಲ್ಲಿ ಕೊನೆಯ ಬಸ್ಸುಗಳ ಸೀಟು ಭರ್ತಿ. ಆದ್ದರಿಂದ ಯೋಚಿಸಿ ನೋಡಿ: ಒಳಗಿರುವುದು ಬಟ್ಟೆ ಮತ್ತು ಅಕ್ಕನ ಮಕ್ಕಳಿಗೆ ತಂದ ಚಾಕೊಲೇಟ್ ಮಾತ್ರವಾದರೆ, ಸಂಸ್ಥೆಯವರು ಒಪ್ಪಿದರೆ ಅದು ಬೆಳಿಗ್ಗೆ ವಿಮಾನದಲ್ಲೇ ಬರಲಿ. ಮಾತ್ರೆ, ಮನೆಯ ಕೀಲಿ ಅದರಲ್ಲಿದ್ದರೆ ಕಾಯಲೇಬೇಕು. ಕೊಡೆಯನ್ನೂ ಅದರೊಳಗೆ ಹಾಕಿದ ಪುಣ್ಯಾತ್ಮರಿಗೆ ಹೇಳುವುದೇನೂ ಇಲ್ಲ.

ಹೊರಗೆ ಬಂದರೆ ಟ್ಯಾಕ್ಸಿಯವರು "ಮಂಗಳೂರಾ ಸಾರ್?" ಎಂದು ಮುತ್ತಿಕೊಳ್ಳುತ್ತಾರೆ. ಲೆಕ್ಕ ಸರಳ. ದೂರ 370 ಕಿಲೋಮೀಟರಿನ ಆಸುಪಾಸು. ದುಡ್ಡು ಮಾತ್ರ ಹೋಗಿ ಬರುವುದಕ್ಕೆ. ಕಿಲೋಮೀಟರಿಗೆ 14 ರೂಪಾಯಿ ಹಿಡಿದರೂ 10,000 ದಾಟಿತು. ಟೋಲು, ಚಾಲಕರ ಬಾಟಾ ಬೇರೆ. ನಾಲ್ವರು ಹಂಚಿಕೊಳ್ಳೋಣ ಎನ್ನುವವರು ಕೂಡಲೇ ಸಿಗುತ್ತಾರೆ, ನಾಲ್ವರೂ "ಮಂಗಳೂರು" ಎಂದೇ ಹೇಳುತ್ತಾರೆ. ನೆಲಮಂಗಲ ದಾಟಿದ ಮೇಲೆ ತಿಳಿಯುತ್ತದೆ, ಒಬ್ಬರದು ಪುತ್ತೂರು, ಒಬ್ಬರದು ಮೂಡುಬಿದಿರೆ, ಒಬ್ಬರದು ಕಾಸರಗೋಡು, ನಾಲ್ಕನೆಯವರು ಬೈಂದೂರು. ಇಡೀ ದಿನ ಗಾಡಿ ಓಡಿಸಿದ ಚಾಲಕ ರಾತ್ರಿ ಘಟ್ಟ ಇಳಿಸುವುದನ್ನು ನೋಡುತ್ತ ಎಚ್ಚರವಾಗಿರುವ ಕೆಲಸವೂ ನಿಮ್ಮ ಪಾಲಿಗೇ ಬರುತ್ತದೆ. ಬಸ್ಸೇ ವಾಸಿ.

ಬಸ್ಸೆಂದರೆ ಎಲ್ಲರೂ ಕಣ್ಣುಮುಚ್ಚಿ ವಿಮಾನ ನಿಲ್ದಾಣದ ಸಿಟಿ ಬಸ್ಸು ವಾಯುವಜ್ರ ಕೆಐಎ-9 ಹತ್ತಿ ಮೆಜೆಸ್ಟಿಕ್ಕಿಗೆ ಹೋಗುತ್ತಾರೆ. ಹೋಗಬೇಡಿ. ಮಂಗಳೂರಿನ ಬಸ್ಸು ಮೆಜೆಸ್ಟಿಕ್ ಬಿಟ್ಟು, ಯಶವಂತಪುರ ತಳ್ಳಿಕೊಂಡು, ಗೊರಗುಂಟೆಪಾಳ್ಯಕ್ಕೆ ಬರಲು ಮುಕ್ಕಾಲು ಗಂಟೆ ಬೇಕು. ನೀವು ಹೆಬ್ಬಾಳದಲ್ಲಿ ಇಳಿದು, ಹೊರ ವರ್ತುಲ ರಸ್ತೆಯಲ್ಲಿ ಬಿಇಎಲ್ ಸರ್ಕಲ್ ಮೇಲಾಗಿ ನೇರ ಗೊರಗುಂಟೆಪಾಳ್ಯಕ್ಕೆ ಬಂದರೆ ಅದೇ ಬಸ್ಸನ್ನು ಎದುರುಗೊಳ್ಳಬಹುದು. ಆದರೆ ಟಿಕೆಟ್ ತೆಗೆಯುವಾಗಲೇ 'ಹತ್ತುವ ಜಾಗ'ದಲ್ಲಿ ಅದನ್ನು ಒತ್ತಿರಬೇಕು. ಇಲ್ಲದಿದ್ದರೆ ನೀವು ಕೈ ಅಡ್ಡ ಹಿಡಿಯುತ್ತೀರಿ, ಚಾಲಕರು ಟಾಟಾ ಎಂದುಕೊಂಡು ಹೋಗುತ್ತಾರೆ.

ಸೀಟು ಆರಿಸುವುದರಲ್ಲೂ ಒಂದು ಮಾತಿದೆ. ಮಲಗುವ ಬಸ್ಸು ಹಾಸನದವರೆಗೆ ಸ್ವರ್ಗ. ಸಕಲೇಶಪುರದ ನಂತರ ತಿರುವು ತಿರುವಿಗೂ ನೀವು ಬರ್ತಿನ ಮೇಲೆ ಲಟ್ಟಣಿಗೆಯ ಹಾಗೆ ಉರುಳುತ್ತೀರಿ. ಹಿಂದಿನ ಚಕ್ರದ ಆಚೆಯ ಮೇಲಿನ ಬರ್ತು ಸಿಕ್ಕಿದರಂತೂ ಪ್ರತಿ ಹೊಂಡವೂ ಮೊದಲು ನಿಮ್ಮ ಬೆನ್ನಿಗೆ ವರದಿ ಕೊಡುತ್ತದೆ. ಘಟ್ಟಕ್ಕೆ ಕೂರುವ ಸೀಟೇ ಸರಿ, ಅದೂ ಮುಂದಿನ ಮತ್ತು ಹಿಂದಿನ ಚಕ್ರದ ನಡುವಿನದು. ಹೆಂಗಸರಾದರೆ ಇನ್ನೊಂದು ದಾರಿ ಇದೆ, ಅದರ ಸೊಗಸೇ ಬೇರೆ. ಐರಾವತ, ರಾಜಹಂಸ, ಪಲ್ಲಕ್ಕಿ ಎಲ್ಲ ಭರ್ತಿಯಾಗಿ ಕೆಂಪು ಬಸ್ಸೇ ಗತಿ ಎಂದಾದರೆ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಶೂನ್ಯ ಟಿಕೆಟ್. ಸಾವಿರಗಟ್ಟಲೆ ಕೊಟ್ಟ ವಿಮಾನ ತಲುಪಿಸದ ಊರಿಗೆ ಸೊನ್ನೆ ರೂಪಾಯಿಯ ಬಸ್ಸು ತಲುಪಿಸುತ್ತದೆ. ಪಕ್ಕದ ಸೀಟಿನ ಗಂಡ ಪೂರ್ತಿ ಟಿಕೆಟ್ ತೆಗೆದು ಮುಖ ಊದಿಸಿಕೊಂಡಿರುತ್ತಾನೆ.

ರೈಲು? ಏಳಕ್ಕೆ ಇಳಿದವರಿಗೆ ಕಾರವಾರದ ಪಂಚಗಂಗಾ ಸಿಗುವುದಿಲ್ಲ. ಕುಂದಾಪುರದವರ ಹೊಟ್ಟೆ ಉರಿಯುವುದು ಅದಕ್ಕೇ. ಅದು ಮಂಗಳೂರು ಸೆಂಟ್ರಲ್ಲಿಗೆ ಹೋಗಿ ಹೊರಳುವ ಗೋಜಿಲ್ಲದೆ ಊರಂಚಿನ ಪಡೀಲಿನಲ್ಲೇ ಬಳಸಿಕೊಂಡು ನೇರ ಮನೆಬಾಗಿಲಿಗೆ ಹೋಗುತ್ತದೆ. ಉಳಿದದ್ದು ರಾತ್ರಿಯ ಕಣ್ಣೂರು ಎಕ್ಸ್‌ಪ್ರೆಸ್. ಅದನ್ನೂ ಮೆಜೆಸ್ಟಿಕ್ಕಿನಲ್ಲಲ್ಲ, ಯಶವಂತಪುರದಲ್ಲಿ ಹಿಡಿಯಿರಿ. ತತ್ಕಾಲ್ ಹಿಂದಿನ ದಿನವೇ ಮುಗಿದಿರುತ್ತದೆ. ನೋಡಬೇಕಾದದ್ದು ಚಾರ್ಟ್ ಆದ ಮೇಲೆ ಉಳಿದ ಬರ್ತುಗಳ ಕರೆಂಟ್ ಬುಕಿಂಗ್. ಮಳೆಗಾಲದ ವಾರದ ನಡುವಿನ ದಿನಗಳಲ್ಲಿ ಎಷ್ಟೋ ಸಲ ಅದೃಷ್ಟ ಕುದುರುತ್ತದೆ. ಬರ್ತು ಸಿಕ್ಕಿತೆಂದು ಎರಡು ದಿನದ ನಿದ್ದೆ ಒಟ್ಟಿಗೆ ಮಾಡಿದರೆ ಎಚ್ಚರವಾಗುವುದು ಕಾಸರಗೋಡಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರು, 57 ಸುರಂಗ, ಐವತ್ತಡಿಗೆ ಒಂದಡಿ ಇಳಿಜಾರು. ರೈಲು ಅಲ್ಲಿ ಓಡುವುದಿಲ್ಲ, ಮದುಮಗಳ ಹಾಗೆ ನಡೆಯುತ್ತದೆ. ಅಲ್ಲೂ ಮಣ್ಣು ಬೀಳುತ್ತದೆ. 2024ರ ಜುಲೈ ಕೊನೆಗೆ ಯಡಕುಮೇರಿ–ಕಡಗರವಳ್ಳಿ ನಡುವೆ ಕುಸಿದಾಗ ದಿನಗಟ್ಟಲೆ ರೈಲು ನಿಂತಿತ್ತು. ಹೊರಡುವ ಮೊದಲು ಘಟ್ಟದ ಸುದ್ದಿ ಕೇಳಿಕೊಳ್ಳಿ.

ರಸ್ತೆಗೂ ಅದೇ ಮಾತು. ಸಕಲೇಶಪುರದಾಚೆಯ ಶಿರಾಡಿ ಘಾಟಿ ಬಂದ್ ಆದರೆ ಬೇರೆ ಘಟ್ಟ ಇಲ್ಲವೇ ಎಂದು ನಕ್ಷೆ ನೋಡಿದವರಿಗೆ ಅನ್ನಿಸುತ್ತದೆ, ನೀಲಿ ಗೆರೆಗಳು ಬೇಕಷ್ಟಿವೆ. ಆದರೆ ನಕ್ಷೆಗೆ ಜಿಲ್ಲಾಧಿಕಾರಿಯ ಆದೇಶ ಓದಲು ಬರುವುದಿಲ್ಲ. ಚಾರ್ಮಾಡಿಯಲ್ಲಿ ಜೋರು ಮಳೆಯಾದರೆ ರಾತ್ರಿ ಗೇಟು ಬೀಳುತ್ತದೆ, ದೊಡ್ಡ ಗಾಡಿಗೆ ಮೊದಲೇ ನಿಷೇಧ. ಕುದುರೆಮುಖದ ದಾರಿಯಲ್ಲಿ ರಾಷ್ಟ್ರೀಯ ಉದ್ಯಾನ ಇರುವುದರಿಂದ ರಾತ್ರಿ ಬಿಡುವುದಿಲ್ಲ. ಆಗುಂಬೆಯ 14 ಹಿಮ್ಮುರಿ ತಿರುವುಗಳಲ್ಲಿ ಬಸ್ಸು ಹೊರಳುವುದು ಒಣಗಿದ ದಿನವೇ ಕಷ್ಟ. ಬಿಸಿಲೆ ಘಾಟಿ ಹಗಲು ನೋಡಲು ಚೆಂದ. ಗಟ್ಟಿ ಬದಲಿ ಎಂದರೆ ಮಡಿಕೇರಿ ಮೇಲೆ ಸಂಪಾಜೆ ಇಳಿದು ಸುಳ್ಯ, ಪುತ್ತೂರು, ಮಾಣಿ. ಹೊತ್ತು ಹೆಚ್ಚು. 2018ರ ಆಗಸ್ಟಿನಲ್ಲಿ ಅದೂ ಕೈಕೊಟ್ಟಿತ್ತು. ಕುಂದಾಪುರದವರು ಶಿವಮೊಗ್ಗ, ತೀರ್ಥಹಳ್ಳಿ, ಮಾಸ್ತಿಕಟ್ಟೆ, ಹುಲಿಕಲ್ ಹಿಡಿದು ಸಿದ್ದಾಪುರಕ್ಕೆ ಇಳಿಯಬಹುದು. ಆದರೆ ಅದು ಬೆಳಗಾದ ಮೇಲಿನ ದಾರಿ.

ಇನ್ನು ಶಿರಾಡಿ ತೆರೆದಿದ್ದರೂ ರಾತ್ರಿ ಮೂರಕ್ಕೆ ದೋಣಿಗಾಲಿನ ಆಚೆ ಎಲ್ಲೋ ಬಸ್ಸು ನಿಲ್ಲುತ್ತದೆ. ಎಂಜಿನ್ ಆರುತ್ತದೆ. ಎಸಿ ಸತ್ತು, ಅಷ್ಟು ಹೊತ್ತು ಕೇಳದಿದ್ದ ಮಳೆಯ ಸದ್ದು ಒಮ್ಮೆಲೇ ಒಳಗೆ ಬರುತ್ತದೆ. ಮುಂದಿನ ಗಾಜಿನಲ್ಲಿ ಕೆಂಪು ದೀಪಗಳ ಸಾಲು, ಎಲ್ಲಕ್ಕಿಂತ ಹತ್ತಿರದಲ್ಲಿ ಗ್ಯಾಸ್ ಬುಲೆಟ್ ಟ್ಯಾಂಕರಿನ ದುಂಡು ಬೆನ್ನು. ಚಾಲಕರು ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಟಾರ್ಚ್ ಹಿಡಿದು ಇಳಿಯುತ್ತಾರೆ, ಹತ್ತು ನಿಮಿಷದ ನಂತರ ಬಂದು ಯಾರಿಗೂ ಅಲ್ಲದ ಹಾಗೆ ಹೇಳುತ್ತಾರೆ: "ಬ್ಲಾಕು." ಲಾರಿ ಮಗುಚಿದೆಯೋ, ಮರ ಬಿದ್ದಿದೆಯೋ, ಯಾರೋ ಸಾಲು ಬಿಟ್ಟು ಎದುರಿಗೆ ನುಗ್ಗಿದರೋ ತಿಳಿಯದು. ಹೆಚ್ಚಿನ ಸಲ ಕೊನೆಯದೇ. ಬಸ್ಸಿನೊಳಗೆ ಈಗ ಎಲ್ಲರೂ ನೆಂಟರು. ನಡುವಿನ ಸೀಟಿನಿಂದ ಚಕ್ಕುಲಿಯ ಡಬ್ಬ ಹೊರಡುತ್ತದೆ, ಹಿಂದಿನಿಂದ "ಇನ್ನು ವಿಮಾನ ಸಹವಾಸ ಬೇಡ" ಎಂಬ ಪ್ರತಿಜ್ಞೆ ಹೊರಡುತ್ತದೆ. ಡಬ್ಬ ಖಾಲಿಯಾಗುವಷ್ಟರಲ್ಲಿ ಟ್ಯಾಂಕರಿನ ಬೆನ್ನು ಅಲುಗಿದರೆ ಪುಣ್ಯ. ಗುಂಡ್ಯದ ಚಹಾದ ಹೊತ್ತಿಗೆ ಬೆಳಕು ಹರಿದಿರುತ್ತದೆ.

ಬಿಜೈಯ ಬಸ್ ನಿಲ್ದಾಣದಲ್ಲಿ ಇಳಿದ ಮೇಲೂ ಕೆಲವರ ಪ್ರಯಾಣ ಮುಗಿಯುವುದಿಲ್ಲ. ಹೋಗುವಾಗ ಕಾರನ್ನು ಬಜ್ಪೆಯ ಪಾರ್ಕಿಂಗಿನಲ್ಲಿ ಬಿಟ್ಟವರು, ಬ್ಯಾಗನ್ನು "ಬೆಳಿಗ್ಗೆ ಬರಲಿ" ಎಂದವರು ಮತ್ತೆ ಗುಡ್ಡ ಹತ್ತಬೇಕು. ಆಕಾಶ ತೊಳೆದಿಟ್ಟ ಸ್ಟೀಲ್ ತಟ್ಟೆಯ ಹಾಗಿದೆ. ನಿನ್ನೆಯದೇ ವಿಮಾನ, ಬೆಂಗಳೂರಿನಿಂದ ಐವತ್ತು ನಿಮಿಷದಲ್ಲಿ ಬಂದು, ಒಂದೇ ಪ್ರಯತ್ನದಲ್ಲಿ ಇಳಿದು ನಿಂತಿದೆ. ಹೋಟೆಲ್ ರೂಮಿನಲ್ಲಿ ಮಲಗಿ ಎದ್ದು, ಇಸ್ತ್ರಿ ಅಂಗಿ ಹಾಕಿದ ಸಹಪ್ರಯಾಣಿಕರು ಬೆಲ್ಟಿನ ಸುತ್ತ ನಿಂತಿದ್ದಾರೆ. ಅಜ್ಜಿಯೂ ಇದ್ದಾರೆ. ನಿಮ್ಮ ಒದ್ದೆ ಪ್ಯಾಂಟನ್ನೂ ಚಕ್ಕುಲಿ ಪುಡಿಯ ಅಂಗಿಯನ್ನೂ ಮೇಲಿಂದ ಕೆಳಗೆ ನೋಡಿ, "ಹ್ವಾಯ್, ನೀವ್ ಬಸ್ಸಿಗೆ ಬಂದ್ರ್ಯಾ?" ಎನ್ನುತ್ತಾರೆ. ಅಷ್ಟರಲ್ಲಿ ಬೆಲ್ಟಿನ ಮೇಲೆ ನಿಮ್ಮ ಬ್ಯಾಗು ಬರುತ್ತದೆ, ಒಂದು ಹನಿ ನೀರೂ ತಾಗದೆ, ಒಳಗೆ ಕೊಡೆ ಇಟ್ಟುಕೊಂಡು.