ಐವತ್ತೈದು ಕೆವಿ ಕಮ್ಮಿ ಬಿತ್ತು

ಹೈಟೆನ್ಷನ್ ತಂತಿ ತಲೆ ಮೇಲೆ ಹಾದುಹೋದರೆ ಮಹಾನಗರದಲ್ಲಿ ಜಾಗದ ಬೆಲೆಯ ಶೇ. 60 ಪರಿಹಾರ, ಹಳ್ಳಿಯಲ್ಲಿ ಶೇ. 30. ಟವರು ಕಾಲೂರಿದ ನೆಲಕ್ಕಂತೂ ಬೆಲೆಯ ಎರಡು ಪಟ್ಟು. 2015ರ ಮಾರ್ಗಸೂಚಿಯಲ್ಲಿ ತಂತಿಯಡಿಯವನಿಗೆ ಹೆಚ್ಚೆಂದರೆ ಶೇ. 15 ಇತ್ತು, ಕೇಂದ್ರ ವಿದ್ಯುತ್ ಸಚಿವಾಲಯದ ಮನಸ್ಸು 2024ರಲ್ಲೊಮ್ಮೆ, 2025ರಲ್ಲೊಮ್ಮೆ ಕರಗಿತು. ಓದಿ ನನ್ನ ಬಾಯಲ್ಲೂ ನೀರೂರಿತು. ನಮ್ಮ ಗೇಟಿನ ಮುಂದೆಯೂ ಒಂದು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಇದೆಯಲ್ಲ!

ಅರ್ಜಿ ಹಿಡಿದು ವಿದ್ಯುತ್ ಕಚೇರಿಗೆ ಹೋದೆ. ಗುಮಾಸ್ತರು ಕನ್ನಡಕ ಏರಿಸಿದರು.

"ಎಷ್ಟು ಕೆವಿ? ಕಿಲೋವೋಲ್ಟು?"

"ಹನ್ನೊಂದು ಸಾರ್."

"ಅರವತ್ತಾರಾದ್ರೂ ಇರಬೇಕು."

ಸಿಇಟಿಯಲ್ಲಿ ಮಗನಿಗೆ ಸೀಟು ತಪ್ಪಿದಾಗಲೂ ಇಷ್ಟು ಅಂತರ ಇರಲಿಲ್ಲ. ಮೇಲಾಗಿ ಅದು ನಿಂತಿರೋದು ಫುಟ್‌ಪಾತ್ ಮೇಲೆ, ನಿಮ್ಮದೇನು ಹೋಯ್ತು ಎಂದರು. ಜಾಗ ಹೋಗಿಲ್ಲ, ನಿಜ.

ಅರ್ಜಿ ಕೊಟ್ಟಾಗಿನಿಂದ ಹಗಲೂ ರಾತ್ರಿ "ಹೂಂ" ಅನ್ನುತ್ತಿರುವುದು ಆ ಟಿಸಿ ಒಂದೇ.

ಮನೆ ಮಾರಿಸಲು ಹಿಡಿದ ನಮ್ಮ ಬ್ರೋಕರು ಘಾಟಿ. ಅದಕ್ಕೇ ಗಿರಾಕಿಗಳನ್ನು ಕರೆಂಟು ಹೋದ ಹೊತ್ತಿಗೆ ಕರೆತರುತ್ತಾನೆ. ಮೊನ್ನೆ ಬಂದಾಕೆ ಮಾತ್ರ ತಲೆಯೆತ್ತಿ ನೋಡಿಯೇಬಿಟ್ಟರು. ಇವನು ತಡಮಾಡಲಿಲ್ಲ: "ಆಗ್ನೇಯದಲ್ಲಿದೆ ಮೇಡಂ, ಅಗ್ನಿಮೂಲೆ. ವಾಸ್ತುಗೆ ಹೇಳಿ ಮಾಡಿಸಿದ ಹಾಗಿದೆ!" ಆಕೆ ಕಾಂಪೌಂಡಿನ ಮೇಲೆ ಎಣ್ಣೆ ಸೋರಿದ ಕಪ್ಪು ಪಟ್ಟೆಯನ್ನು ನೋಡಿದರು, ಬೇಸಿಗೆಯಲ್ಲಿ ಕಿಡಿ ಹಾರಿ ಅರ್ಧ ಸುಟ್ಟ ದಾಸವಾಳವನ್ನು ನೋಡಿದರು. "ಮನೆಯಲ್ಲಿ ಕೇಳಿ ಹೇಳ್ತೀನಿ" ಎಂದು ಹೋದರು. ಇನ್ನೂ ಕೇಳುತ್ತಲೇ ಇರಬೇಕು.

ಬ್ರಿಟಿಷರ 1885ರ ಟೆಲಿಗ್ರಾಫ್ ಕಾಯಿದೆಯಲ್ಲೇ, ತಂತಿ ಎಳೆಯುವಾಗ ಹಾನಿಯಾದರೆ ಪೂರ್ತಿ ಪರಿಹಾರ ಕೊಡಬೇಕು ಎಂದಿತ್ತು. ಅದೇ ಕಾಯಿದೆಯ ಅಧಿಕಾರವನ್ನು ವಿದ್ಯುತ್ ಲೈನಿನವರಿಗೂ ಕೊಡಿಸಬಹುದೆಂದು 2003ರ ವಿದ್ಯುತ್ ಕಾಯಿದೆ ಹೇಳಿತು. ಅಧಿಕಾರ ತಂತಿಯ ಜೊತೆ ಸಲೀಸಾಗಿ ಹರಿದು ಬರುತ್ತದೆ. ಪರಿಹಾರ ದಾರಿಯಲ್ಲೇ ಟ್ರಿಪ್ ಆಗುತ್ತದೆ. ಇಪ್ಪತ್ತು ವರ್ಷ ಸಾಲ ತೀರಿಸಿ ಕಟ್ಟಿದ ಮನೆ ಇದು. ಕೊಳ್ಳುವವನು ಟಿಸಿ ನೋಡಿ ಬೆಲೆ ಇಳಿಸುತ್ತಾನೆ. ನನ್ನ ಆಸ್ತಿ ತೆರಿಗೆಯ ರಸೀದಿಯಲ್ಲಿ ಮಾತ್ರ ಅಂಥದ್ದೊಂದು ವಸ್ತು ಈ ಬೀದಿಯಲ್ಲೇ ಇಲ್ಲ. ನಷ್ಟವೇ ಆಗಿಲ್ಲ ಎನ್ನುವವರು ಒಂದು ಮಳೆಗಾಲ ನಮ್ಮ ಮುಂದಿನ ರೂಮಿನಲ್ಲಿ ಮಲಗಿ ನೋಡಲಿ.

ಆಯುಧಪೂಜೆಗೆ ಲೈನ್‌ಮನ್ ಬಂದು ಕಂಬಕ್ಕೆ ಬಾಳೆಕಂದು ಕಟ್ಟಿ, ನಮ್ಮ ಗೇಟಿನೆದುರೇ ಬೂದುಗುಂಬಳ ಒಡೆದ. ಆಮೇಲೆ ತಲೆ ಕೆರೆದುಕೊಳ್ಳುತ್ತ ನಿಂತ.

"ಹಬ್ಬದ ಖರ್ಚಿಗೆ ಏನಾದ್ರೂ ಕೊಡಿ ಸಾರ್. ನಿಮ್ಮ ಟಿಸಿ ತಾನೇ!"