ಸಾಲಾಗಿ ಏಳು ಸೂರ್ಯ

ಬೆಳಗ್ಗೆ ಚಹಾ ಕುಡಿಯುತ್ತ ಮೊಬೈಲಿನಲ್ಲಿ ಪುಣೆಯ ಹವಾಮಾನ ನೋಡಿದೆ. ಸಾಲಾಗಿ ಏಳು ಸೂರ್ಯ. ಹಗಲು 29, ರಾತ್ರಿ 16. ಕೆಳಗೆ ಮರಾಠಿಯಲ್ಲಿ 'ಆಕಾಶ ಮುಖ್ಯತಃ ನಿರಭ್ರ'. ಸೋಮವಾರದ್ದನ್ನೇ ಭಾನುವಾರದ ತನಕ ನಕಲು ಹೊಡೆದಂತಿತ್ತು.

ನನಗೆ ಸ್ವಲ್ಪ ನಿರಾಸೆಯೇ ಆಯಿತು. ಜೂನಿನಿಂದ ಮಳೆಯನ್ನು ಬೈದದ್ದಾಯಿತು. ಅದು ಹೋದ ಮೇಲೆ 'ಆಕ್ಟೋಬರ್ ಹೀಟ್' ಬೈದದ್ದಾಯಿತು. ದೀಪಾವಳಿ ಮುಗಿದ ಈ ವಾರ ಬೈಯಲು ಏನೂ ಇಲ್ಲ. ಲಿಫ್ಟಿನಲ್ಲಿ ಸಿಕ್ಕ ನಾಲ್ಕನೇ ಮಹಡಿಯ ಕಾಕಾ ಏನೋ ಹೇಳಲು ಬಾಯಿ ತೆರೆದರು. ಹೊಳೆಯಲಿಲ್ಲ. ಇಳಿಯುವವರೆಗೂ ಮಹಡಿಯ ನಂಬರು ನೋಡುತ್ತ ನಿಂತರು.

ಈ ದಿನಗಳಿಗೆ ನಮ್ಮ ಬಾಯಲ್ಲಿ ಹೆಸರೂ ಇಲ್ಲ ನೋಡಿ. ಶರದೃತು ಅಂತ ಪಂಚಾಂಗದಲ್ಲಿದೆ, ನಿಜ. ಆದರೆ 'ಶರದೃತು ಬಂತು, ಫ್ಯಾನ್ ಕಡಿಮೆ ಮಾಡು' ಎಂದು ಯಾರ ಮನೆಯಲ್ಲಿ ಅಂತಾರೆ? ನಮಗಿರುವುದು ಮಳೆಗಾಲ, ಚಳಿಗಾಲ, ಬೇಸಿಗೆ. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ' ಎಂದು ಮಳೆಗೆ ಗಾದೆ ಕಟ್ಟಿದವರು ಸುಮ್ನೆ ಹಿತವಾಗಿದ್ದ ದಿನಕ್ಕೆ ಒಂದು ಮಾತೂ ಕಟ್ಟಲಿಲ್ಲ. ಇದರಲ್ಲಿ ಮರಾಠಿಯವರು ಜಾಣರು. 'ಗುಲಾಬಿ ಥಂಡಿ' ಅಂತಾರೆ. ಚಳಿಗೂ ಬಣ್ಣ!

ಮೋಡವಿಲ್ಲ, ಗಾಳಿಯಲ್ಲಿ ತೇವ ಕಡಿಮೆ. ಹಗಲು ಕುಡಿದ ಬಿಸಿಲನ್ನು ನೆಲ ರಾತ್ರಿ ಆಕಾಶಕ್ಕೆ ಬಿಟ್ಟುಬಿಡುತ್ತದೆ. ಅದಕ್ಕೇ ಈ 13 ಡಿಗ್ರಿ ಅಂತರ. ಸಮುದ್ರದ ಪಕ್ಕದ ಮುಂಬೈಯವರಿಗೆ ಈ ಭಾಗ್ಯ ಇಷ್ಟಿಲ್ಲ. ನಮ್ಮ ಮನೆಯಲ್ಲಿ ಇದರ ಪರಿಣಾಮವೆಲ್ಲ ಫ್ಯಾನಿನ ಮೇಲೆ. ಮಲಗುವಾಗ ಮೂರರಲ್ಲಿರುತ್ತದೆ. ನಡುರಾತ್ರಿ ಹೆಂಡತಿ ಎದ್ದು ಒಂದಕ್ಕೆ ಇಳಿಸುತ್ತಾಳೆ. ಅವಳಿಗೆ ನಿದ್ದೆ ಹತ್ತಿದ ಮೇಲೆ ನಾನು ಮತ್ತೆ ಮೂರಕ್ಕೆ ಏರಿಸಿ, ಅವ್ವ ಹೊಲಿದುಕೊಟ್ಟ ಕೌದಿಯನ್ನು ಕಿವಿಯ ತನಕ ಎಳೆದುಕೊಳ್ಳುತ್ತೇನೆ. ಕೌದಿ ಹೊದ್ದು ಫ್ಯಾನ್ ಹಾಕಿಕೊಳ್ಳುವ ಸುಖ ಗೊತ್ತಿದ್ದವರು ಯಾಕೆ ಅಂತ ಕೇಳುವುದಿಲ್ಲ.

ಊರೆಲ್ಲ ಒಂದೇ ಹವೆ ಅಂತಲೂ ಇಲ್ಲ. ಪಾಷಾಣ ಬಡಾವಣೆಗೂ ಮಗರಪಟ್ಟಾ ಬಡಾವಣೆಗೂ ರಾತ್ರಿ ನಾಲ್ಕೈದು ಡಿಗ್ರಿ ವ್ಯತ್ಯಾಸ ಬರುವುದುಂಟು. ಆಫೀಸಿನಲ್ಲಿ ಪಾಷಾಣದ ಗೆಳೆಯ ಸ್ವೆಟರಿನಲ್ಲಿ, ಮಗರಪಟ್ಟಾದವನು ಅರ್ಧ ತೋಳಿನ ಅಂಗಿಯಲ್ಲಿ. ಶಿವಾಜಿನಗರದ ಹವಾಮಾನ ಕಚೇರಿಗೆ ಜನ ಇವತ್ತಿಗೂ 'ಸಿಮ್ಲಾ ಆಫೀಸ್' ಅಂತಾರೆ. 1928ರಲ್ಲಿ ಶಿಮ್ಲಾದಿಂದ ಬಂದದ್ದು. ಕೇಂದ್ರ ಕಚೇರಿ ಆಮೇಲೆ ದೆಹಲಿಗೆ ಹೋಯಿತು, ಹೆಸರು ಮಾತ್ರ ಚೌಕಕ್ಕೆ ಅಂಟಿಕೊಂಡಿತು. ಮೇ ತಿಂಗಳ ಬಿಸಿಲಲ್ಲೂ ಕಂಡಕ್ಟರ್ ಆ ಹೆಸರು ಕೂಗಿದರೆ ನನಗೆ ಒಂದು ಕ್ಷಣ ತಣ್ಣಗಾಗುತ್ತದೆ.

ರಾತ್ರಿ ಗದಗಿನಿಂದ ಅವ್ವನ ಫೋನು. ಅವಳ ಮೊದಲ ಪ್ರಶ್ನೆ ಯಾವಾಗಲೂ ಹವೆಯದ್ದೇ.

"ಮಳಿ ಐತೇನೋ?"

"ಇಲ್ಲವ್ವ."

"ಬಿಸಲು?"

"ಅಷ್ಟೇನಿಲ್ಲ."

"ಚಳಿ?"

"ಇನ್ನೂ ಬಂದಿಲ್ಲ. ಎಲ್ಲಾ ಆರಾಮ ಐತಿ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದನಿ ತಗ್ಗಿಸಿ, "ಏನರ ಮುಚ್ಚಿಡಾಕತ್ತೀಯೇನು?" ಅಂದಳು.

ಮೂಗು ಸ್ವಲ್ಪ ಕಟ್ಟಿದೆ ಎಂದು ಸುಳ್ಳು ಹೇಳಿದೆ. ಅವಳಿಗೆ ಸಮಾಧಾನವಾಯಿತು. ಶುಂಠಿ, ಮೆಣಸು, ಬೆಲ್ಲ ಹಾಕಿ ಕಷಾಯ ಕುದಿಸುವುದು ಹೇಗೆಂದು ಹತ್ತು ನಿಮಿಷ ಹೇಳಿಕೊಟ್ಟಳು.